ಆರಿಸು

ಮಲಾಬಾ ಗಡಿಯ ಸಾಲಿನಲ್ಲಿ ನನ್ನದು ಇನ್ನೂರ ಹತ್ತನೆಯ ಲಾರಿ.
ಇನ್ನೂರ ಹನ್ನೊಂದೂ ಇರಬಹುದು, ರಾತ್ರಿ ಯಾರೋ ನುಸುಳಿದರು.
ಬೆನ್ನ ಮೇಲೆ ಮೊಂಬಾಸಾ ಬಂದರಿನ ಟೈಲ್ಸು;
ಅವಕ್ಕೇನು, ಹಸಿವಿಲ್ಲ, ಉಚ್ಚೆ ಬರುವುದಿಲ್ಲ,
ಮನೆಯಿಂದ ಫೋನೂ ಬರುವುದಿಲ್ಲ.

ನಾಲ್ಕು ಮಾರು ಮುಂದೆ. ನಿಲ್ಲು.
ಮತ್ತೆ ನಾಲ್ಕು ಮಾರು. ನಿಲ್ಲು.
ನಿಂತಷ್ಟು ಹೊತ್ತೂ ಎಂಜಿನ್ ತನ್ನಷ್ಟಕ್ಕೆ ಗೊಣಗುತ್ತದೆ,
ಕೆಲಸವಿಲ್ಲದ ಮೇಸ್ತ್ರಿ ಕೂಲಿಯವರನ್ನು ಬೈಯುವ ಹಾಗೆ;
ಯಾರನ್ನು, ಯಾಕೆ, ಅವನಿಗೂ ನೆನಪಿಲ್ಲ.

ಅಮೊಯಿತ್ ಬರುತ್ತಾಳೆ, ಕಂಕುಳಲ್ಲಿ ಥರ್ಮೋಸು,
ಬೆರಳುಗಳಿಗೆ ಸಿಕ್ಕಿಸಿಕೊಂಡ ಮೂರು ತಗಡಿನ ಲೋಟ.
ಚಹಾ ಬೇಕೆ ಎಂದು ಕೇಳುವುದಿಲ್ಲ.
ಗಾಳಿಯಲ್ಲಿ ಇಲ್ಲದ ಕೀಲಿಯೊಂದನ್ನು ತಿರುವುತ್ತಾಳೆ:
ಆರಿಸು.
ಆರಿಸಿದವನಿಗೆ ಚಹಾ. ಇಲ್ಲದಿದ್ದರೆ ಅವಳು ಮುಂದಿನ ಲಾರಿಗೆ.

ಹೇಳಲಿಕ್ಕೆ ನನ್ನ ಬಳಿ ಬೇಕಾದಷ್ಟಿದೆ.
ಸ್ಟಿಯರಿಂಗ್ ಕಲಿಸಿದ ಮುದುಕ ಲಗಾಟ್ ಹೇಳುತ್ತಿದ್ದ,
ಡೀಸೆಲ್ ಗಾಡಿ ಒಮ್ಮೆ ಎದ್ದರೆ ಊರು ಮುಟ್ಟುವ ತನಕ ಮಲಗಿಸಬೇಡ,
ಎಬ್ಬಿಸುವುದಕ್ಕೇ ಅರ್ಧ ಲೀಟರ್ ಕುಡಿಯುತ್ತದೆ ಅಂತ.
ಸುಳ್ಳು. ನಾನೇ ಅಳೆದಿದ್ದೇನೆ, ಒಂದು ಗುಟುಕೂ ಇಲ್ಲ.
ಆದರೂ ಅವನ ಮಾತು ನನ್ನ ಬಲಗೈಯಲ್ಲಿ ಕೂತುಬಿಟ್ಟಿದೆ.

ಸೀಟಿನ ಕೆಳಗೆ ಮಾಲೀಕ ಒಂದು ಡಬ್ಬಿ ಕೂರಿಸಿದ್ದಾನೆ, ಬೆಂಕಿಪೊಟ್ಟಣದಷ್ಟು.
ಗಾಲಿ ನಿಂತು ಎಂಜಿನ್ ಓಡಿದ ಪ್ರತಿ ನಿಮಿಷವನ್ನೂ
ಅದು ನೈರೋಬಿಗೆ ಚಾಡಿ ಹೇಳುತ್ತದೆ.
ತಿಂಗಳ ಕೊನೆಗೆ ಸಂಬಳಕ್ಕೆ ಕತ್ತರಿ.
ಅದೇ ಮಾಲೀಕನಿಗೆ ಬ್ಯಾಟರಿ ಸತ್ತಿದೆ ಅಂದರೆ
ಫೋನಿನಲ್ಲಿ ಗಾಳಿ ಬೀಸುತ್ತದೆ, ಏನೂ ಕೇಳಿಸುವುದಿಲ್ಲ.
ಆರಿಸಿದರೆ ಏಳುವುದಿಲ್ಲ, ಆರಿಸದಿದ್ದರೆ ದಂಡ;
ನನ್ನ ಎರಡು ಕೆನ್ನೆಗೂ ಅವನದೇ ಕೈ.

ಇದನ್ನೆಲ್ಲ ಕಿಟಕಿಯಿಂದಲೇ ಹೇಳಿದೆ, ಕೂಗಿ.
ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಿದ್ದು ಅರ್ಧ.
ಅವಳು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು:
"ನಿನ್ನ ಹೊಗೆಕೊಳವೆ ಎಡಕ್ಕೆ. ನನ್ನ ಒಲೆಯೂ ಎಡಕ್ಕೆ.
ನೀನು ಮೇಲೆ, ಗಾಜು ಏರಿಸಿಕೊಂಡು.
ನಾನು ಸರಿಯಾಗಿ ಕೊಳವೆಯ ಎತ್ತರಕ್ಕೆ, ಹನ್ನೊಂದು ವರ್ಷದಿಂದ.
ಸಂಜೆ ಹಾಲಿನ ಮುಚ್ಚಳದ ಮೇಲೆ
ಬೆರಳಿನಿಂದ ನನ್ನ ಹೆಸರು ಬರೆಯಬಹುದು, ಬಾ ನೋಡು."

ತಿರುವಿದೆ ಕೀಲಿ.

ಲಾರಿ ಒಮ್ಮೆ ಮೈ ಕೊಡವಿ ಸುಮ್ಮನಾಯಿತು.
ಮೊದಲು ತಿಳಿದದ್ದು ನನ್ನ ಮೊಣಕಾಲಿನ ನಡುಕ;
ಎಂಜಿನ್ ನಿಂತರೂ ಅದು ನಿಂತಿರಲಿಲ್ಲ.
ಆಮೇಲೆ ಕಾವಲಿಯ ಮೇಲೆ ಎಣ್ಣೆ ಚುರುಗುಟ್ಟಿದ್ದು,
ಯಾರೋ ಟೇಸೋ ಭಾಷೆಯಲ್ಲಿ ಮೇಕೆಯೊಂದಕ್ಕೆ ಬುದ್ಧಿ ಹೇಳುತ್ತಿದ್ದದ್ದು.
ಚಹಾ ಸುಡುತ್ತಿತ್ತು. ಊದಿದೆ. ಊದಿದ್ದೂ ಕೇಳಿಸಿತು.

ಅಷ್ಟರಲ್ಲಿ ಸಾಲು ಮಿಸುಕಿತು.
ಸೆಲ್ಫ್ ಹೊಡೆದೆ. ಟಕ್.
ಮತ್ತೆ. ಟಕ್.
ಹಿಂದಿನಿಂದ ಹಾರನ್ನು, ನಾಲ್ಕು ಭಾಷೆಯ ಬೈಗುಳ.
ಹಿಂದಿನ ಲಾರಿಯಿಂದ ಕಸೊಂಗೊ ಇಳಿದು ಬಂದ, ಹೆಗಲ ಮೇಲೆ ಕೇಬಲ್ಲು.
ಅವನದು ಬೆಳಗಿನಿಂದ ಆರಿಯೇ ಇಲ್ಲ.
ಪಕ್ಕದ ಮನೆಯಿಂದ ಕೆಂಡ ತಂದು ಒಲೆ ಹೊತ್ತಿಸಿದ ಹಾಗೆ
ಅವನದರಿಂದ ನನ್ನದು ಹೊತ್ತಿಕೊಂಡಿತು.

ಅಮೊಯಿತ್ ನೋಡುತ್ತ ನಿಂತಿದ್ದಳು.
ಗಡಗಡ ಅನ್ನುವ ಅವನ ಲಾರಿಯ ಪಕ್ಕದಲ್ಲೇ
ಅವನಿಗೂ ಒಂದು ಲೋಟ ಸುರಿದಳು,
ಮುಖ ಆ ಕಡೆ ತಿರುಗಿಸಿಕೊಂಡು.
ದುಡ್ಡು ಮಾತ್ರ ನನ್ನಿಂದಲೇ ಎಣಿಸಿಕೊಂಡಳು, ಎರಡಕ್ಕೂ.

ನಾಲ್ಕು ಮಾರು ಮುಂದೆ. ನಿಂತೆ.
ಕೈ ಕೀಲಿಯ ಮೇಲೆ.
ಮರಳಿಸಲು ಮರೆತ ಲೋಟದಲ್ಲಿ ಉಳಿದರ್ಧ ಚಹಾ
ಎಂಜಿನ್ ನಡುಕಕ್ಕೆ ಬಳೆ ಬಳೆಯಾಗಿ ನಡುಗುತ್ತ
ಯಾರೂ ಹೇಳದೆಯೇ ಆರುತ್ತಿತ್ತು.